ಆರೋಗ್ಯ ಪ್ರಶ್ನೋತ್ತರ: ಸೈನಸ್ಸಿನ ಕೀವು, ಶಸ್ತ್ರಚಿಕಿತ್ಸೆ ಮತ್ತು ಆನಂತರದ ಆರೈಕೆ

ಪ್ರಶ್ನೆ: ನನಗೆ 42 ವರ್ಷ. ಮುಧೋಳ ತಾಲ್ಲೂಕಿನಲ್ಲಿ ಬೆಲ್ಲದ ಗಾಣ ನಡೆಸುತ್ತೇನೆ. ಕಳೆದ ಹಂಗಾಮು ಮುಗಿಯುವ ಹೊತ್ತಿಗೆ ಬಂದ ನೆಗಡಿ ಐದು ತಿಂಗಳಾದರೂ ಪೂರ್ತಿ ಹೋಗಿಲ್ಲ. ಬಲಗಡೆಯ ಮೂಗು ಕಟ್ಟುತ್ತದೆ, ಬಲಗೆನ್ನೆ ಭಾರವಾಗಿರುತ್ತದೆ, ಬಗ್ಗಿದರೆ ಹಳದಿ ಕೀವು ಇಳಿಯುತ್ತದೆ, ಅದರ ದುರ್ವಾಸನೆಯನ್ನು ನನಗೇ ತಡೆದುಕೊಳ್ಳಲಾಗುವುದಿಲ್ಲ. ಊರಿನ ದವಾಖಾನೆಯಲ್ಲಿ ಮೂರು ಸಲ ಆಂಟಿಬಯಾಟಿಕ್ ಗುಳಿಗೆ ಕೊಟ್ಟರು; ನುಂಗುವಾಗ ಕಡಿಮೆಯಾಗಿ, ಬಿಟ್ಟ ವಾರಕ್ಕೆ ಮತ್ತೆ ಮೊದಲಿನಂತಾಗುತ್ತದೆ. ರಾತ್ರಿ ಮಲಗುವಾಗ ಮೂಗಿಗೆ ಹನಿ ಹಾಕದಿದ್ದರೆ ನಿದ್ದೆ ಬರುವುದಿಲ್ಲ. ಸಿ.ಟಿ. ಸ್ಕ್ಯಾನ್ ನೋಡಿದ ಬಾಗಲಕೋಟೆಯ ತಜ್ಞರು ಬಲಗೆನ್ನೆಯ ಸೈನಸ್ ತುಂಬಿದೆ, ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆ ಮಾಡಿ ಕೀವು ತೆಗೆಯಬೇಕು ಎಂದಿದ್ದಾರೆ. ನಮ್ಮ ಕಾಕಾ ಅವರಿಗೆ ಬಹಳ ವರ್ಷಗಳ ಹಿಂದೆ ಮೂಗಿನೊಳಗೆ ಚುಚ್ಚಿ ತೊಳೆದಿದ್ದರು. ಅವರು ಮತ್ತೆ ಮತ್ತೆ ತೊಳೆಸಿಕೊಳ್ಳಬೇಕಾಯಿತು. ಆದ್ದರಿಂದ ಮನೆಯವರು ಬೇಡ ಎನ್ನುತ್ತಾರೆ. ಅದೇ ಬದಿಯ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆರಂಭಿಸಿ ಅರ್ಧಕ್ಕೆ ಬಿಟ್ಟಿದ್ದೇನೆ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇರಲಾರದು ಎಂದು ತಜ್ಞರಿಗೆ ಹೇಳಿಲ್ಲ. ನಾನು ಏನು ಮಾಡಲಿ?

ಉತ್ತರ: ಪತ್ರದ ಕೊನೆಯಲ್ಲಿ ನೀವು ಬರೆದ ಹಲ್ಲಿನ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಮೇಲಿನ ದವಡೆಯ ಹಿಂಬದಿಯ ಹಲ್ಲುಗಳ ಬೇರುಗಳು ಕೆನ್ನೆಯ ಸೈನಸ್ಸಿನ, ಎಂದರೆ ಎಲುಬಿನೊಳಗೆ ಗಾಳಿ ತುಂಬಿದ ಗೂಡಿನ, ತಳಕ್ಕೆ ಬಹಳ ಹತ್ತಿರ ಇರುತ್ತವೆ. ಕೆಲವರಲ್ಲಿ ಇವೆರಡರ ನಡುವೆ ತೀರಾ ತೆಳುವಾದ ಎಲುಬು ಮಾತ್ರ ಇರುತ್ತದೆ, ಇನ್ನು ಕೆಲವರಲ್ಲಿ ಅದೂ ಇರುವುದಿಲ್ಲ. ಹಲ್ಲಿನ ಬೇರಿನ ತುದಿಯಲ್ಲಿ ಸೋಂಕು ಉಳಿದಿದ್ದರೆ, ಹಲ್ಲು ನೋಯದೇ ಇದ್ದರೂ, ಕೀವು ಮೇಲಿನ ಸೈನಸ್ಸಿಗೆ ಹರಡಬಹುದು. ಒಂದೇ ಬದಿಯಲ್ಲಿ ತೊಂದರೆ, ಕೊಳೆತ ವಾಸನೆ, ಗುಳಿಗೆ ಬಿಟ್ಟೊಡನೆ ಮರುಕಳಿಸುವುದು ಈ ಮೂರೂ ಕೂಡಿ ಬಂದಾಗ ನಾವು ಮೊದಲು ಸಂಶಯಿಸುವುದೇ ಹಲ್ಲನ್ನು. ಆದ್ದರಿಂದ ನೀವು ಈ ವಾರವೇ ನಿಮ್ಮ ತಜ್ಞರಿಗೆ ಹಲ್ಲಿನ ಸಂಗತಿಯನ್ನು ತಿಳಿಸಿ, ಅದೇ ಸಿ.ಟಿ. ಚಿತ್ರದಲ್ಲಿ ಆ ಬೇರಿನ ಸುತ್ತಲಿನ ಎಲುಬು ಹೇಗಿದೆ ಎಂದು ಮತ್ತೊಮ್ಮೆ ನೋಡಲು ಕೇಳಿಕೊಳ್ಳಬೇಕು, ಮತ್ತು ದಂತವೈದ್ಯರ ಹತ್ತಿರ ಹೋಗಿ ಅರ್ಧಕ್ಕೆ ನಿಂತ ಚಿಕಿತ್ಸೆಯನ್ನು ಮುಗಿಸಬೇಕು. ಹಲ್ಲು ಉಳಿಯುವಂತಿಲ್ಲದಿದ್ದರೆ ಅದನ್ನು ಕೀಳಿಸಬೇಕಾಗಬಹುದು. ಹಲ್ಲನ್ನು ಹಾಗೆಯೇ ಬಿಟ್ಟು ಸೈನಸ್ ಒಂದನ್ನೇ ಸ್ವಚ್ಛಗೊಳಿಸಿದರೆ ಕೀವು ಮತ್ತೆ ತುಂಬುವುದು ಬಹುತೇಕ ಖಚಿತ. ಆಗ ನಿಮ್ಮ ಮನೆಯವರ ಭಯವೇ ನಿಜವಾಗುತ್ತದೆ, ದೂರು ಮಾತ್ರ ಶಸ್ತ್ರಚಿಕಿತ್ಸೆಯ ಮೇಲೆ ಬರುತ್ತದೆ.

ಇನ್ನು ನಿಮ್ಮ ಕಾಕಾ ಅವರ ವಿಷಯ. ಮುಖದ ಎಲುಬುಗಳಲ್ಲಿ ಗಾಳಿ ತುಂಬಿದ ನಾಲ್ಕು ಜೊತೆ ಸೈನಸ್‌ಗಳಿವೆ: ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂದೆ ಆಳದಲ್ಲಿ. ಇವುಗಳಲ್ಲಿ ದೊಡ್ಡದು ಕೆನ್ನೆಯದು. ಅದರ ಬಾಗಿಲು ನಾವು ಎಣಿಸಿದಂತೆ ತಳದಲ್ಲಿ ಇಲ್ಲ, ಮೂಗಿನ ಕಡೆಗಿರುವ ಗೋಡೆಯ ಮೇಲ್ಭಾಗದಲ್ಲಿದೆ. ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಹಗೇವಿಗೆ ಬಾಯಿ ಮೇಲೆ ಇರುವುದರಿಂದ ಜೋಳ ತಾನಾಗಿ ಹೊರಗೆ ಬರುವುದಿಲ್ಲ, ಯಾರಾದರೂ ಒಳಗಿಳಿದು ಮೇಲಕ್ಕೆ ಎತ್ತಿ ಕೊಡಬೇಕು, ಇಲ್ಲಿಯೂ ಹಾಗೆಯೇ. ಆ ಎತ್ತುವ ಕೆಲಸವನ್ನು ಸೈನಸ್ಸಿನ ಒಳಪದರದ ಮೇಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಮಾಡುತ್ತವೆ. ಅವು ಹಗಲಿರುಳು ಒಂದೇ ದಿಕ್ಕಿಗೆ ಬೀಸುತ್ತ ಲೋಳೆಯನ್ನು ಮೇಲಿನ ಬಾಗಿಲಿನವರೆಗೆ ಸಾಗಿಸುತ್ತವೆ. ನೆಗಡಿಯಿಂದಲೋ ಅಲರ್ಜಿಯಿಂದಲೋ ಒಳಪದರ ಊದಿಕೊಂಡು, ಕೆಲವೇ ಮಿಲಿಮೀಟರ್ ಅಗಲದ ಆ ಬಾಗಿಲು ಮುಚ್ಚಿದರೆ ಲೋಳೆ ಒಳಗೇ ನಿಲ್ಲುತ್ತದೆ, ನಿಂತದ್ದು ಕೀವಾಗುತ್ತದೆ.

ಹಿಂದೆ ಮಾಡುತ್ತಿದ್ದುದು ಮೂಗಿನೊಳಗಿನಿಂದ ಸೈನಸ್ಸಿನ ಗೋಡೆಯ ಕೆಳಭಾಗವನ್ನು ದಪ್ಪ ಸೂಜಿಯಂಥ ಉಪಕರಣದಿಂದ ಚುಚ್ಚಿ ಉಪ್ಪುನೀರಿನಿಂದ ತೊಳೆಯುವ ಕ್ರಮ. ಅಂದಿನ ಮಟ್ಟಿಗೆ ಕೀವು ಬಂದು ರೋಗಿಗೆ ಹಗುರವೆನಿಸುತ್ತಿತ್ತು. ಆದರೆ ಮೇಲಿನ ನಿಜವಾದ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಮತ್ತು ಕೆಳಗೆ ಎಷ್ಟೇ ದೊಡ್ಡ ರಂಧ್ರ ಮಾಡಿದರೂ ಆ ರೋಮಗಳು ಲೋಳೆಯನ್ನು ಅದರ ಪಕ್ಕದಲ್ಲಿಯೇ ದಾಟಿಸಿ ಹಳೆಯ ಬಾಗಿಲಿಗೇ ಒಯ್ಯುತ್ತವೆ. ಈ ಸಂಗತಿಯನ್ನು ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸರ್‌ಕ್ಲಿಂಗರ್ ಎಂಡೋಸ್ಕೋಪಿನಿಂದ (ದೇಹದೊಳಗೆ ತೂರಿಸಿ ನೋಡುವ, ಬೆಳಕಿರುವ ತೆಳು ಕೊಳವೆಯಿಂದ) ವರ್ಷಗಟ್ಟಲೆ ನೋಡಿ ದಾಖಲಿಸಿದರು. ಅದರ ಆಧಾರದ ಮೇಲೆಯೇ 1980ರ ದಶಕದಿಂದ ಸೈನಸ್ ಶಸ್ತ್ರಚಿಕಿತ್ಸೆಯ ದಾರಿ ಬದಲಾಯಿತು. ಈಗ ಸುಮಾರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪನ್ನು ಮೂಗಿನ ಹೊಳ್ಳೆಯಲ್ಲಿ ತೂರಿಸಿ, ಮುಖದ ಮೇಲೆ ಗಾಯ ಮಾಡದೆ, ಸಹಜ ಬಾಗಿಲನ್ನೇ ಹುಡುಕಿ ಅಗಲ ಮಾಡುತ್ತಾರೆ, ಒಳಗಿನ ಕೀವನ್ನು ಹೀರಿ ತೆಗೆಯುತ್ತಾರೆ, ಬೇಕಾದರೆ ಆ ಕೀವಿನಲ್ಲಿ ಯಾವ ರೋಗಾಣು ಇದೆ ಎಂದು ತಿಳಿಯಲು ಅದನ್ನು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ. ನಿಮ್ಮ ಕಾಕಾ ಅವರಿಗೆ ಮಾಡಿದ್ದು ಮತ್ತು ನಿಮಗೆ ಮಾಡಬೇಕೆಂದಿರುವುದು ಎರಡೂ ಬೇರೆ ಬೇರೆ ಚಿಕಿತ್ಸೆಗಳು ಎಂಬುದನ್ನು ಮನೆಯವರಿಗೆ ತಿಳಿಸಿ ಹೇಳಿರಿ.

ಹಾಗೆಂದು ಮರುಕಳಿಸುವುದೇ ಇಲ್ಲ ಎಂದು ನಾನು ಮಾತು ಕೊಡುವುದಿಲ್ಲ. ಮೂಗಿನಲ್ಲಿ ಪಾಲಿಪ್ (ಒಳಪದರದ ಮೆತ್ತನೆಯ ಬೆಳವಣಿಗೆ) ಬೆಳೆಯುವವರಲ್ಲಿ, ಅಲರ್ಜಿ ಮತ್ತು ದಮ್ಮು ಇರುವವರಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ಸ್ಪ್ರೇ ಮುಂದುವರಿಸಬೇಕಾಗುತ್ತದೆ, ಕೆಲವರಿಗೆ ವರ್ಷಗಳ ಮೇಲೆ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವುದೂ ಉಂಟು. ಹಲ್ಲಿನಿಂದ ಬಂದ ಸೋಂಕಿನ ವಿಷಯದಲ್ಲಿ ಮಾತ್ರ, ಹಲ್ಲು ಮತ್ತು ಬಾಗಿಲು ಎರಡನ್ನೂ ಸರಿಪಡಿಸಿದರೆ, ಸಾಮಾನ್ಯವಾಗಿ ಪರಿಣಾಮ ಬಹಳ ಚೆನ್ನಾಗಿರುತ್ತದೆ. ಹಲ್ಲಿನ ಚಿಕಿತ್ಸೆ ಮತ್ತು ಔಷಧಗಳಿಂದಲೇ ಸೈನಸ್ ತಿಳಿಯಾಗಿ ಶಸ್ತ್ರಚಿಕಿತ್ಸೆ ತಪ್ಪುವವರೂ ಇದ್ದಾರೆ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಕಿವಿ-ಮೂಗು-ಗಂಟಲಿನ ತಜ್ಞರು ಮತ್ತು ದಂತವೈದ್ಯರು ಒಬ್ಬರಿಗೊಬ್ಬರು ಮಾತನಾಡಿಕೊಂಡು ನಿರ್ಧರಿಸಲಿ. ಅವರಿಬ್ಬರೂ ಮಾತನಾಡುವಂತೆ ಮಾಡುವ ಜವಾಬ್ದಾರಿಯನ್ನು ನೀವೇ ಹೊರಬೇಕು, ಏಕೆಂದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವವರು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. ಎಂಡೋಸ್ಕೋಪಿನಿಂದ ಮೂಗಿನ ಒಳಗನ್ನು ಒಮ್ಮೆ ನೋಡಿಸಿಕೊಳ್ಳುವುದನ್ನಂತೂ ಮುಂದೂಡಬೇಡಿ. ಒಂದೇ ಬದಿಯ ತೊಂದರೆಯ ಹಿಂದೆ ಶಿಲೀಂಧ್ರದ ಉಂಡೆ ಅಥವಾ ಅಪರೂಪಕ್ಕೆ ಗಡ್ಡೆ ಇರುವ ಸಾಧ್ಯತೆ ಇರುತ್ತದೆ, ಕೀವಿನಲ್ಲಿ ರಕ್ತ ಕಾಣಿಸಿದರೆ ಇನ್ನೂ ಎಚ್ಚರ ಬೇಕು.

ರಾತ್ರಿಯ ಹನಿಯ ಬಗ್ಗೆ ಒಂದು ಮಾತು. ಮೂಗು ಕಟ್ಟಿದ್ದನ್ನು ತಕ್ಷಣ ಬಿಡಿಸುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳನ್ನು ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಹಾಕಬಾರದು. ತಿಂಗಳುಗಟ್ಟಲೆ ಹಾಕಿದರೆ ಆ ಹನಿಯಿಂದಲೇ ಮೂಗು ಕಟ್ಟತೊಡಗುತ್ತದೆ. ಇದರ ಬದಲಿಗೆ ತಜ್ಞರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ನಿಧಾನವಾಗಿ ಕೆಲಸ ಮಾಡುತ್ತದೆ, ಆದರೆ ಚಟವಾಗುವುದಿಲ್ಲ. ಅದನ್ನು ಹೊಡೆಯುವಾಗ ತುದಿಯನ್ನು ಮೂಗಿನ ನಡುಗೋಡೆಗೆ ಹಿಡಿಯದೆ ಹೊರಗಿನ ಕಿವಿಯ ಕಡೆಗೆ ತಿರುಗಿಸಿ ಹಿಡಿಯಬೇಕು; ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿದರೆ ಅದು ತಾನಾಗಿ ಸರಿಯಾಗುತ್ತದೆ.

ಶಸ್ತ್ರಚಿಕಿತ್ಸೆಯೇ ನಿಶ್ಚಯವಾದರೆ, ರಕ್ತ ತೆಳುವಾಗಿಸುವ ಗುಳಿಗೆ, ಆಸ್ಪಿರಿನ್, ಊರಿನ ಕಷಾಯ, ಏನೇ ತೆಗೆದುಕೊಳ್ಳುತ್ತಿದ್ದರೂ ಮೊದಲೇ ಹೇಳಿಬಿಡಿ. ಕಣ್ಣು ಮತ್ತು ಮೆದುಳು ಸೈನಸ್ಸಿಗೆ ತೆಳುವಾದ ಎಲುಬಿನಾಚೆಯೇ ಇರುವುದರಿಂದ ಅವುಗಳಿಗೆ ಪೆಟ್ಟಾಗುವ ಅಪಾಯ ಅಪರೂಪಕ್ಕಾದರೂ ಇದೆ. ಆ ಬಗ್ಗೆ ತಜ್ಞರನ್ನು ಸಂಕೋಚವಿಲ್ಲದೆ ಕೇಳುವ ಹಕ್ಕು ನಿಮಗಿದೆ. ಖರ್ಚಿನ ಚಿಂತೆಯಿದ್ದರೆ ಪಡಿತರ ಚೀಟಿ ಮತ್ತು ಆಧಾರ್ ತೆಗೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿರಿ. ಮುಂದಿನ ಹಂಗಾಮು ಆರಂಭವಾಗುವುದಕ್ಕೆ ಇನ್ನೂ ಸಮಯವಿದೆ. ಒಳಗಿನ ಪದರ ಪೂರ್ತಿ ಮಾಗಲು ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ, ಆದ್ದರಿಂದ ಈಗಲೇ ಮಾಡಿಸಿಕೊಂಡರೆ ಗಾಣದ ಒಲೆಯ ಹೊಗೆಗೆ ಹಸಿ ಗಾಯವನ್ನು ಒಡ್ಡುವುದು ತಪ್ಪುತ್ತದೆ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ಬಿಡಿ. ಹೊಗೆ ಆ ಸಣ್ಣ ರೋಮಗಳ ಚಲನೆಯನ್ನೇ ಕುಂಠಿತಗೊಳಿಸುತ್ತದೆ.

ಪ್ರಶ್ನೆ: ಖಾನಾಪುರ ತಾಲ್ಲೂಕಿನ ಕಣಕುಂಬಿಯ ಹತ್ತಿರದ ಹಳ್ಳಿಯವಳು ನಾನು. ಬೆಳಗಾವಿಯಲ್ಲಿ ಸೈನಸ್ ಶಸ್ತ್ರಚಿಕಿತ್ಸೆಯಾಗಿ ಎರಡು ವಾರವಾಯಿತು. ಮೊದಲಿಗಿಂತ ಈಗಲೇ ಮೂಗು ಹೆಚ್ಚು ಕಟ್ಟಿದಂತಿದೆ, ಕಂದು ಬಣ್ಣದ ಹಕ್ಕಳೆ ಬರುತ್ತದೆ. ದಿನಕ್ಕೆ ಮೂರು ಸಲ ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿದ್ದಾರೆ. ಇಂಥ ಮಳೆಯಲ್ಲಿ ಮೂಗಿಗೆ ನೀರು ಹಾಕಿದರೆ ಶೀತವಾಗುತ್ತದೆ ಎಂದು ಅತ್ತೆಯವರು ತೊಳೆಯುವುದನ್ನು ಬಿಡಿಸಿದ್ದಾರೆ. ಮೊದಲನೆಯ ತಪಾಸಣೆಗೂ ಮಳೆಯಿಂದಾಗಿ ಹೋಗಲಾಗಲಿಲ್ಲ. ಗಾಯ ತಾನಾಗಿ ಮಾಯುವುದಿಲ್ಲವೇ?

ಉತ್ತರ: ತಾನಾಗಿ ಮಾಯುತ್ತದೆ, ಆದರೆ ನಮಗೆ ಬೇಕಾದಂತೆ ಮಾಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂಗಿನೊಳಗೆ ಹೆಪ್ಪುಗಟ್ಟಿದ ರಕ್ತ ಮತ್ತು ಒಣಗಿದ ಲೋಳೆ ಸೇರಿ ಹಕ್ಕಳೆಯಾಗುತ್ತದೆ. ಅದು ಅಲ್ಲಿಯೇ ಉಳಿದರೆ ಎದುರುಬದುರಿನ ಎರಡು ಹಸಿ ಮೇಲ್ಮೈಗಳು ಅದರ ಆಸರೆಯಿಂದ ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ, ತಜ್ಞರು ಅಷ್ಟು ಶ್ರಮಪಟ್ಟು ತೆರೆದ ಬಾಗಿಲು ಮತ್ತೆ ಮುಚ್ಚುತ್ತದೆ. ಮೊದಲನೆಯ ತಪಾಸಣೆಯನ್ನು ಸುಮಾರು ಒಂದು ವಾರಕ್ಕೆ ಇಡುವುದು ಇದೇ ಕಾರಣಕ್ಕೆ: ಎಂಡೋಸ್ಕೋಪಿನಿಂದ ನೋಡುತ್ತ ಹಕ್ಕಳೆಯನ್ನು ಮೆಲ್ಲಗೆ ಬಿಡಿಸಿ, ಹೀರಿ ತೆಗೆದು, ಎಲ್ಲಿಯಾದರೂ ಅಂಟು ಮೂಡುತ್ತಿದ್ದರೆ ಅದು ಇನ್ನೂ ಎಳೆಯದಾಗಿರುವಾಗಲೇ ಬಿಡಿಸಬೇಕು. ಇದರಲ್ಲಿ ಸ್ವಲ್ಪ ನೋವಾಗುತ್ತದೆ, ಮರಗಟ್ಟಿಸುವ ಔಷಧ ಹಾಕಿಯೇ ಮಾಡುತ್ತಾರೆ. ಶಸ್ತ್ರಚಿಕಿತ್ಸೆಯ ದಿನಕ್ಕೆ ಮನೆಮಂದಿಯೆಲ್ಲ ಬರುವವರು ಈ ತಪಾಸಣೆಗಳನ್ನು ಹಗುರವಾಗಿ ಕಾಣುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೀವು ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ, ಈ ವಾರದೊಳಗೆ, ಬೆಳಗಾವಿಗೆ ಹೋಗಿ ಬನ್ನಿ. ಹೋಗುವ ಮೊದಲು ದವಾಖಾನೆಗೆ ಫೋನ್ ಮಾಡಿ, ಮೊದಲ ತಪಾಸಣೆ ತಪ್ಪಿದೆ ಎಂದು ತಿಳಿಸಿದರೆ ಅವರೇ ಬೇಗ ಸಮಯ ಕೊಡುತ್ತಾರೆ. ಅನಂತರದ ಭೇಟಿಗಳನ್ನು ದೂರದೂರಕ್ಕೆ ಇಡಲು ಕೇಳಿಕೊಳ್ಳಬಹುದು.

ಅತ್ತೆಯವರ ಕಾಳಜಿ ಸಹಜವಾದದ್ದೇ. ಅವರಿಗೆ ಹೀಗೆ ಹೇಳಿ ನೋಡಿ: ನೆಗಡಿ ಬರುವುದು ವೈರಾಣುವಿನಿಂದ, ತೊಳೆಯುವ ನೀರಿನಿಂದ ಅಲ್ಲ, ಮತ್ತು ನೀರನ್ನು ತಣ್ಣಗೆ ಹಾಕಬೇಕಾಗಿಯೂ ಇಲ್ಲ, ಕೈಗೆ ಹಿತವಾಗುವಷ್ಟು ಉಗುರುಬೆಚ್ಚಗಿರಬೇಕು. ಬಾವಿಯ ನೀರನ್ನಾಗಲಿ, ನಳದ ನೀರನ್ನಾಗಲಿ, ಬಯಲುಸೀಮೆಯ ಕಡೆ ಬೋರ್‌ವೆಲ್ಲಿನ ಸವಳು ನೀರನ್ನಾಗಲಿ ನೇರವಾಗಿ ಮೂಗಿಗೆ ಎಂದೂ ಹಾಕಬಾರದು. ಕುಡಿದರೆ ಏನೂ ಮಾಡದ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಹೋದರೆ ಮೆದುಳಿಗೆ ತಲುಪಿ ಪ್ರಾಣ ತೆಗೆಯುತ್ತದೆ; ಬಹಳ ಅಪರೂಪದ ರೋಗವಾದರೂ 2024ರಲ್ಲಿ ಕೇರಳದಲ್ಲಿ ಮಕ್ಕಳು ಅದರಿಂದ ಸತ್ತಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಆದ್ದರಿಂದ ನೀರು ತಳಮಳ ಕುದಿಯತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಮಟ್ಟಸ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಅಯೋಡಿನ್ ಸೇರಿಸದ ಉಪ್ಪು ಸಿಕ್ಕರೆ ಉರಿ ಕಡಿಮೆ. ಔಷಧಿ ಅಂಗಡಿಯಲ್ಲಿ ಅಳತೆ ಮಾಡಿದ ಪುಡಿಯ ಪೊಟ್ಟಣವೂ ಸಿಗುತ್ತದೆ. ಬಚ್ಚಲಿನ ಕಡೆಗೆ ಮುಂದಕ್ಕೆ ಬಾಗಿ, ತಲೆಯನ್ನು ಸ್ವಲ್ಪ ಒಂದು ಬದಿಗೆ ವಾಲಿಸಿ, ಬಾಯಿ ತೆರೆದು ಬಾಯಿಯಿಂದಲೇ ಉಸಿರಾಡುತ್ತ, ಮೇಲಿನ ಹೊಳ್ಳೆಗೆ ಬಾಟಲಿಯನ್ನು ಮೆಲ್ಲಗೆ ಒತ್ತಿದರೆ ನೀರು ಇನ್ನೊಂದು ಹೊಳ್ಳೆಯಿಂದ ಹೊರಬರುತ್ತದೆ. ಜೋರಾಗಿ ಒತ್ತಿದರೆ ಕಿವಿ ಗಡಚಿಕ್ಕುತ್ತದೆ. ಬಾಟಲಿಯನ್ನು ಪ್ರತಿ ಸಲ ಕುದಿಸಿ ಆರಿದ ನೀರಿನಿಂದಲೇ ತೊಳೆದು ಒಣಗಲು ಬಿಡಬೇಕು, ಏಕೆಂದರೆ ನಿಮ್ಮ ಕಡೆಯ ಮಳೆಗಾಲದಲ್ಲಿ ಒದ್ದೆ ಇದ್ದಲ್ಲೆಲ್ಲ ಬೂಷ್ಟು ಹಿಡಿಯುತ್ತದೆ. ತಯಾರಿಸಿದ ನೀರನ್ನು ಮರುದಿನಕ್ಕೆ ಇಡಬೇಡಿ.

ಮೂಗು ಹೆಚ್ಚು ಕಟ್ಟಿದಂತೆ ಅನಿಸುವುದಕ್ಕೆ ಒಳಗಿನ ಊತ ಮತ್ತು ಹಕ್ಕಳೆಯೇ ಕಾರಣವಿರಬೇಕು. ತೊಳೆಯಲು ಆರಂಭಿಸಿದರೆ ಕೆಲವು ದಿನಗಳಲ್ಲಿ ಬಿಡುತ್ತದೆ. ಕಂದು ಬಣ್ಣದ ಹಳೆಯ ರಕ್ತ ಕಂಡು ಹೆದರಬೇಡಿ. ನಿಮ್ಮ ವೈದ್ಯರು ಸರಿ ಎನ್ನುವವರೆಗೆ ಮೂಗನ್ನು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ತುಂಬಿದ ಕೊಡ ಎತ್ತುವುದು, ಬಗ್ಗಿ ಅಂಗಳ ಬಳಿಯುವುದು, ಒಲೆಯ ಹೊಗೆಯ ಮುಂದೆ ಕೂರುವುದು ಬೇಡ. ಈ ಕೆಲಸಗಳನ್ನು ಇನ್ನೊಂದು ವಾರ ಮನೆಯ ಬೇರೆಯವರು ಮಾಡಲಿ. ಶಸ್ತ್ರಚಿಕಿತ್ಸೆಯಾದ ಹೆಣ್ಣುಮಗಳು ಮೂರನೆಯ ದಿನಕ್ಕೇ ಒಲೆಯ ಮುಂದೆ ಕೂರಬೇಕೆಂಬ ನಿರೀಕ್ಷೆ ನಮ್ಮಲ್ಲಿ ಇನ್ನೂ ಇದೆ, ಅದು ತಪ್ಪು. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಆದರೆ ತಾಜಾ ಕೆಂಪು ರಕ್ತ ನಿಲ್ಲದೆ ಹರಿದರೆ, ಕಣ್ಣು ಊದಿಕೊಂಡರೆ ಅಥವಾ ಎರಡೆರಡಾಗಿ ಕಂಡರೆ, ತೀವ್ರ ತಲೆನೋವಿನೊಂದಿಗೆ ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ, ಅಥವಾ ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ ತಿಳಿಯಾದ ದ್ರವ ತೊಟ್ಟಿಕ್ಕತೊಡಗಿದರೆ ಮಳೆಯನ್ನೂ ಲೆಕ್ಕಿಸದೆ ಅಂದೇ ಹೊರಡಬೇಕು. ಕೊನೆಯದು ಮೆದುಳಿನ ಸುತ್ತಲಿನ ದ್ರವದ ಸೋರಿಕೆ ಇರಬಹುದು.

ಪ್ರಶ್ನೆ: ವಿಜಯಪುರದಲ್ಲಿದ್ದೇವೆ. ನನ್ನ ಒಂಬತ್ತು ವರ್ಷದ ಮಗಳಿಗೆ ನೆಗಡಿಯಾಗಿ ಆರು ದಿನವಾಯಿತು. ಸಿಂಬಳ ಹಸಿರು ಬಣ್ಣಕ್ಕೆ ತಿರುಗಿದೆ. ಸೈನಸ್ ಆಗಿರಬಹುದೆಂದು ಔಷಧಿ ಅಂಗಡಿಯವರು ಆಂಟಿಬಯಾಟಿಕ್ ಕೊಡಲು ಮುಂದಾದರು. ಕೊಡಬಹುದೇ?

ಉತ್ತರ: ಬೇಡ. ಸಾಮಾನ್ಯ ನೆಗಡಿಯಲ್ಲಿಯೂ ಸಿಂಬಳ ನಾಲ್ಕೈದು ದಿನಕ್ಕೆ ಹಳದಿ, ಹಸಿರಾಗುತ್ತದೆ. ಬಣ್ಣವೊಂದರಿಂದಲೇ ಬ್ಯಾಕ್ಟೀರಿಯಾ ಸೋಂಕು ಎನ್ನಲಾಗುವುದಿಲ್ಲ. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ, ಇಳಿದಂತಾಗಿ ಮತ್ತೆ ಜ್ವರದೊಂದಿಗೆ ಏರಿದರೆ, ಅಥವಾ ಮೊದಲ ಮೂರು ನಾಲ್ಕು ದಿನ ಸತತವಾಗಿ 39 ಡಿಗ್ರಿ ಸೆಲ್ಸಿಯಸ್ (102 ಡಿಗ್ರಿ ಫ್ಯಾರನ್‌ಹೀಟ್) ಜ್ವರ ಮತ್ತು ಕೀವಿನಂಥ ಸಿಂಬಳ ಎರಡೂ ಇದ್ದರೆ ಮಾತ್ರ ಮಕ್ಕಳ ವೈದ್ಯರು ಆಂಟಿಬಯಾಟಿಕ್ ವಿಚಾರ ಮಾಡುತ್ತಾರೆ. ಬಿಸಿನೀರಿನ ಪಾತ್ರೆಯ ಮುಂದೆ ಕೂರಿಸಿ ಹಬೆ ಕೊಡಬೇಡಿ. ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಳ್ಳುವುದು ಬಹಳ. ಒಂದು ಕಣ್ಣಿನ ರೆಪ್ಪೆ ಊದಿ ಕೆಂಪಾದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು, ಮಕ್ಕಳಲ್ಲಿ ಸೈನಸ್ಸಿನ ಸೋಂಕು ಕಣ್ಣಿನ ಗೂಡಿಗೆ ಬೇಗ ಹಬ್ಬುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ 63 ವರ್ಷ, ಸಕ್ಕರೆ ಕಾಯಿಲೆ ಇದೆ. ಅವರಿಗೆ ಹಳೆಯ ಸೈನಸ್ ತೊಂದರೆಯೂ ಇದೆ. 2021ರಲ್ಲಿ ನಮ್ಮ ಓಣಿಯಲ್ಲಿ ಒಬ್ಬರಿಗೆ ಕಪ್ಪು ಶಿಲೀಂಧ್ರ ರೋಗವಾಗಿ ಒಂದು ಕಣ್ಣನ್ನೇ ತೆಗೆಯಬೇಕಾಯಿತು. ಅಂದಿನಿಂದ ತಾಯಿಗೆ ಮೂಗು ಕಟ್ಟಿದರೂ ಭಯವಾಗುತ್ತದೆ. (ಇಂಡಿ)

ಉತ್ತರ: ಎಲ್ಲ ಸೈನಸ್ ತೊಂದರೆಯೂ ಕಪ್ಪು ಶಿಲೀಂಧ್ರವಲ್ಲ, ಮತ್ತು ಅದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಆ ಶಿಲೀಂಧ್ರ ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಎಲ್ಲೆಡೆ ಇರುತ್ತದೆ, ಆರೋಗ್ಯವಂತರಿಗೆ ಏನೂ ಮಾಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿದಾಗ, ಅದರೊಂದಿಗೆ ಸ್ಟೀರಾಯ್ಡ್ ಗುಳಿಗೆ ಅಥವಾ ಇಂಜೆಕ್ಷನ್ ಸೇರಿದಾಗ ಅದು ಒಳಗೆ ಬೇರೂರುತ್ತದೆ. ಕೋವಿಡ್ ಎರಡನೆಯ ಅಲೆಯಲ್ಲಿ ಆದದ್ದು ಇದೇ. ಆದ್ದರಿಂದ ತಾಯಿಯವರ ಸಕ್ಕರೆಯನ್ನು ಹತೋಟಿಯಲ್ಲಿಡುವುದೇ ಅವರ ಮೂಗಿಗೆ ಮಾಡುವ ದೊಡ್ಡ ಉಪಕಾರ, ಮತ್ತು ಯಾರು ಯಾವ ಕಾರಣಕ್ಕೆ ಸ್ಟೀರಾಯ್ಡ್ ಬರೆದುಕೊಟ್ಟರೂ ಸಕ್ಕರೆ ಕಾಯಿಲೆ ಇದೆ ಎಂದು ನೆನಪಿಸಬೇಕು. ಮೂಗಿನ ಸ್ಪ್ರೇಯಲ್ಲಿರುವ ಸ್ಟೀರಾಯ್ಡ್ ಪ್ರಮಾಣ ಅತಿ ಕಡಿಮೆ, ಅದಕ್ಕೆ ಹೆದರಿ ನಿಲ್ಲಿಸಬೇಕಾಗಿಲ್ಲ.

ಭಯಪಡಬೇಕಾದ ಲಕ್ಷಣಗಳು ಬೇರೆ: ಮುಖದ ಒಂದೇ ಬದಿಯಲ್ಲಿ ವಿಪರೀತ ನೋವು ಅಥವಾ ಕೆನ್ನೆ ಮರಗಟ್ಟುವುದು, ಮೂಗಿನಿಂದ ಕಪ್ಪಾದ ಅಥವಾ ರಕ್ತ ಬೆರೆತ ಸ್ರಾವ, ಅಂಗುಳಿನ ಮೇಲೆ ಕಪ್ಪು ಕಲೆ, ಗಟ್ಟಿಯಿದ್ದ ಮೇಲಿನ ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡುವುದು, ರೆಪ್ಪೆ ಜೋತುಬೀಳುವುದು, ದೃಷ್ಟಿ ಮಸುಕಾಗುವುದು. ಇವುಗಳಲ್ಲಿ ಒಂದು ಕಂಡರೂ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ, ಊರಿನಲ್ಲಿ ಗುಳಿಗೆ ತೆಗೆದುಕೊಂಡು ಎರಡು ದಿನ ನೋಡುವುದೂ ಬೇಡ. ಈ ರೋಗದಲ್ಲಿ ಸತ್ತುಹೋದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಆಂಫೊಟೆರಿಸಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ, ಅಲ್ಲಿ ಗಂಟೆಗಳ ಲೆಕ್ಕವಿರುತ್ತದೆ. ನಿಮಗೆ ಹತ್ತಿರವಾಗುವುದು ವಿಜಯಪುರ, ಅಲ್ಲಿಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಂತೆ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿಗೂ ಬೆಳಗಾವಿಯ ಬಿಮ್ಸ್‌ಗೂ ಸೇರಿದ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗಗಳಿವೆ. ಹೊರಡುವಾಗ ತಾಯಿಯವರ ಸಕ್ಕರೆ ತಪಾಸಣೆಯ ಚೀಟಿಗಳನ್ನು, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿಗಳನ್ನು, ಹಳೆಯ ಸಿ.ಟಿ. ಚಿತ್ರವಿದ್ದರೆ ಅದನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿರಿ.